ಹಳೆ ಕ್ಯಾಮ್ರಿಯ ಸ್ಟೇರಿಂಗ್ ರ‍್ಯಾಕ್: ಬಿಚ್ಚುವ ಮುಂಚೆ ನೋಡಬೇಕಾದ್ದು

ನೀವು ಕೇಳಿದ್ದಿಷ್ಟು: ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಮೂರು ತಿಂಗಳಾಗಿದೆ, 2005ರ ನಾಲ್ಕು ಸಿಲಿಂಡರ್ ಟೊಯೊಟಾ ಕ್ಯಾಮ್ರಿ ಕೊಂಡಿದ್ದೀರಿ. ವರ್ಷಾವರಿ ಇನ್‌ಸ್ಪೆಕ್ಷನ್‌ಗೆ ಬಿಟ್ಟಾಗ ಪವರ್ ಸ್ಟೇರಿಂಗ್ ರ‍್ಯಾಕ್ ಸೋರ್ತಿದೆ, 1,100 ಡಾಲರ್ ಆಗುತ್ತೆ ಅಂದರು. ಇಲ್ಲಿ ಎಲ್ಲರೂ ಮನೆಯಲ್ಲೇ ರಿಪೇರಿ ಮಾಡ್ಕೋತಾರಂತೆ, ನಾನೂ ಮಾಡಬಹುದಾ, ಅಥವಾ ಕಾರನ್ನೇ ಮಾರಿಬಿಡಲಾ?

ಮಾರೋ ಮಾತು ಆಮೇಲೆ. ಸೋರ್ತಿರೋದು ರ‍್ಯಾಕೇ ಹೌದಾ ಅನ್ನೋದು ಮೊದಲು ಖಾತ್ರಿಯಾಗಲಿ. ಊರಲ್ಲಿ ಗ್ಯಾರೇಜಿನವರು ಸ್ಟೇರಿಂಗ್ ಬಾಕ್ಸ್ ಅಂತಾರಲ್ಲ, ಅದೇ ಇದು, ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸೋ ಭಾಗ. ಎಂಜಿನ್ನಿನ ಹಿಂದೆ, ತಗ್ಗಿನಲ್ಲಿ, ಸಬ್‌ಫ್ರೇಮ್ ಅನ್ನೋ ಉಕ್ಕಿನ ಚೌಕಟ್ಟಿನ ಮೇಲೆ ಕೂತಿರುತ್ತೆ. ಪಂಪಿನ ಸೀಲ್ ಹೋದರೂ, ಹೈ ಪ್ರೆಶರ್ ಹೋಸ್‌ನ ಜಾಯಿಂಟ್ ಒಸರಿದರೂ ಎಣ್ಣೆ ಇಳಿದು ಬಂದು ನಿಲ್ಲೋದು ರ‍್ಯಾಕಿನ ಮೇಲೇ. ಕೆಳಗಿಂದ ಟಾರ್ಚ್ ಬಿಟ್ಟು ನೋಡಿದವರಿಗೆ ರ‍್ಯಾಕ್ ಒದ್ದೆ ಕಾಣುತ್ತೆ, ಬಿಲ್ ಅದರ ಹೆಸರಿಗೇ ಬೀಳುತ್ತೆ.

ಪರೀಕ್ಷೆ ಕಷ್ಟವಲ್ಲ. ಡಿಗ್ರೀಸರ್ ಹೊಡೆದು ಆ ಜಾಗವನ್ನೆಲ್ಲ ತೊಳೆದು ಒಣಗಿಸಿ, ರಿಸರ್ವಾಯರ್ ಅನ್ನು, ಅಂದರೆ ಸ್ಟೇರಿಂಗ್ ಎಣ್ಣೆಯ ಡಬ್ಬಿಯನ್ನು, ಗುರುತಿನವರೆಗೆ ತುಂಬಿ, ಒಂದು ದಿನ ಓಡಿಸಿ. ರಾತ್ರಿ ಕೆಳಗೆ ರಟ್ಟು ಹಾಸಿಡಿ. ಕ್ಯಾಮ್ರಿಗೆ ಹಾಕೋದು ಡೆಕ್ಸ್‌ರಾನ್ ಜಾತಿಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಣ್ಣೆ), ಅದು ಕೆಂಪಗಿರುತ್ತೆ. ಟೊಯೊಟಾದ ಕೂಲಂಟ್ ಕೂಡ ಕೆಂಪು ಅಥವಾ ಗುಲಾಬಿ, ಮೋಸ ಹೋಗಬೇಡಿ. ಬೆರಳಲ್ಲಿ ಉಜ್ಜಿದರೆ ಎಟಿಎಫ್ ಜಿಡ್ಡಾಗಿ ಜಾರುತ್ತೆ, ಕೂಲಂಟ್ ನೀರು ನೀರಾಗಿ ಸಿಹಿ ವಾಸನೆ ಬರುತ್ತೆ. ಇಷ್ಟಾದ ಮೇಲೆ ರ‍್ಯಾಕಿನ ಎರಡೂ ತುದಿಯಲ್ಲಿರೋ ರಬ್ಬರ್ ಬೂಟನ್ನು, ಅಂದರೆ ಹಾರ್ಮೋನಿಯಂ ತಿದಿಯ ಹಾಗಿರೋ ಸುಕ್ಕು ಸುಕ್ಕಿನ ಚೀಲವನ್ನು, ಕೈಯಲ್ಲಿ ಹಿಚುಕಿ. ಒಳಗೆ ಗುಳುಗುಳು ಅಂದರೆ, ಕ್ಲಿಪ್ ಸಡಿಲಿಸಿದ ಕೂಡಲೇ ಎಣ್ಣೆ ಸುರಿದರೆ, ರ‍್ಯಾಕಿನ ಸೀಲ್ ಹೋಗಿರೋದು ನಿಜ. ಬೂಟ್ ಒಳಗೆ ಒಣಗಿದ್ದು ಹೊರಗೆ ಮಾತ್ರ ಒದ್ದೆಯಾಗಿದ್ದರೆ ಕಣ್ಣು ಮೇಲಕ್ಕೆ ಹಾಯಿಸಿ, ಹೋಸ್ ಜಾಡು ಹಿಡಿಯಿರಿ. ಹೋಸ್ ಬದಲಾಯಿಸೋಕೆ ಇಷ್ಟು ದುಡ್ಡು ಬೇಡ.

ಊರಿನ ಲೆಕ್ಕ ಇಲ್ಲಿ ನಡೆಯೋದಿಲ್ಲ. ಬೆಂಗಳೂರಿನಲ್ಲಾದರೆ ಬಾಕ್ಸ್ ಬಿಚ್ಚಿ, ಜೆ.ಸಿ. ರಸ್ತೆಯಿಂದ ಸೀಲ್ ಕಿಟ್ ತಂದು ಹಾಕಿ ಮತ್ತೆ ಕೂರಿಸಿಬಿಡ್ತಾರೆ. ಇಲ್ಲಿ ಕೈಕೂಲಿಯೇ ದುಬಾರಿ. ಹಾಗಾಗಿ ಯಾರೂ ಸೀಲ್ ಮುಟ್ಟೋದಿಲ್ಲ, ಇಡೀ ರ‍್ಯಾಕನ್ನೇ ಬದಲಾಯಿಸ್ತಾರೆ. ಸಿಗೋ ಬಹುಪಾಲು ಮಾಲು ರೀಮ್ಯಾನ್ಯುಫ್ಯಾಕ್ಚರ್ಡ್, ಅಂದರೆ ಹಳೇದನ್ನು ಬಿಚ್ಚಿ ಸೀಲ್ ಹಾಕಿ ಪರೀಕ್ಷೆ ಮಾಡಿ ಮಾರೋದು. ಬೆಲೆಯ ಜೊತೆಗೆ ಕೋರ್ ಚಾರ್ಜ್ ಅಂತ ಠೇವಣಿ ಹಿಡ್ಕೋತಾರೆ, ನಿಮ್ಮ ಹಳೇ ರ‍್ಯಾಕ್ ತಂದುಕೊಟ್ಟರೆ ವಾಪಸ್. ಲೈಫ್‌ಟೈಮ್ ವಾರಂಟಿ ಅಂತ ಬರೆದಿದ್ದರೆ ಅದು ವಸ್ತುವಿಗೆ ಮಾತ್ರ, ಎರಡನೇ ಸಲ ಬಿಚ್ಚಿ ಹಾಕೋ ಕೂಲಿ ನಿಮ್ಮದೇ. ಆರ್ಡರ್ ಮಾಡುವಾಗ 17 ಅಕ್ಷರದ ವಿಐಎನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಕೊಡಿ. ಅದು 4ರಿಂದ ಶುರುವಾದರೆ ಕಾರು ಅಮೆರಿಕದಲ್ಲಿ ತಯಾರಾದದ್ದು, ‘ಜೆ’ ಇದ್ದರೆ ಜಪಾನಿನದು, ಕೆಲವು ಭಾಗಗಳು ಎರಡಕ್ಕೂ ಬೇರೆ ಬೇರೆ ಇರುತ್ತವೆ. ಒಳಗಿನ ಟೈ ರಾಡ್ (ರ‍್ಯಾಕನ್ನು ಚಕ್ರಕ್ಕೆ ಜೋಡಿಸೋ ಸರಳು) ಜೊತೆಗೇ ಬರುತ್ತಾ ಅಂತಲೂ ಕೇಳಿ.

ನೀವೇ ಮಾಡೋದಾದರೆ ಮೊದಲ ಅಡ್ಡಿ ಕಾರಿನದಲ್ಲ, ಜಾಗದ್ದು. ಬಹಳಷ್ಟು ಅಪಾರ್ಟ್‌ಮೆಂಟ್ ಲೀಸ್‌ಗಳಲ್ಲಿ ಪಾರ್ಕಿಂಗ್‌ನಲ್ಲಿ ಕಾರು ರಿಪೇರಿ ಮಾಡಕೂಡದು ಅಂತ ಬರೆದಿರುತ್ತೆ, ಓದಿ ನೋಡಿ. ಪಿಟ್ಸ್‌ಬರ್ಗ್ ಬೇರೆ ಗುಡ್ಡದ ಊರು. ಇಳಿಜಾರಿನ ಡ್ರೈವ್‌ವೇ ಮೇಲೆ ಈ ಕೆಲಸ ಬೇಡವೇ ಬೇಡ, ಸಮತಟ್ಟಾದ ಕಾಂಕ್ರೀಟ್ ಇರೋ ಸ್ನೇಹಿತರ ಮನೆ ಹುಡುಕಿ. ಟೈ ರಾಡ್ ಪುಲ್ಲರ್, ಟಾರ್ಕ್ ರೆಂಚ್ ಕೊಳ್ಳಬೇಕಿಲ್ಲ. ಆಟೋಝೋನ್‌ನಂಥ ಅಂಗಡಿಗಳು ಠೇವಣಿ ಇಟ್ಟುಕೊಂಡು ಎರವಲು ಕೊಡ್ತಾವೆ, ವಾಪಸ್ ಮಾಡಿದಾಗ ಪೂರ್ತಿ ದುಡ್ಡು ಬರುತ್ತೆ. ನಟ್ಟನ್ನು ಹೆಚ್ಚುಕಡಿಮೆ ಸುತ್ತಲೂ ಹಿಡಿಯೋ ಲೈನ್ ರೆಂಚ್ ಇಲ್ಲದೆ ಮಾತ್ರ ಪೈಪಿನ ನಟ್ಟಿಗೆ ಕೈ ಹಾಕಬೇಡಿ.

ಇಲ್ಲಿನ ನಿಜವಾದ ಶತ್ರು ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು. ಇಷ್ಟು ವರ್ಷ ಉಪ್ಪು ತಿಂದ ಪೈಪಿನ ನಟ್ಟು ಸಾಮಾನ್ಯ ಸ್ಪ್ಯಾನರ್‌ಗೆ ಮೂಲೆ ಸವೆದು ದುಂಡಗಾಗಿಬಿಡುತ್ತೆ. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹೊಡೆದಿಡಿ, ಬೆಳಿಗ್ಗೆ ಇನ್ನೊಮ್ಮೆ. ಹೊಸ ಪ್ರೆಶರ್ ಹೋಸ್ ಒಂದನ್ನು ಮೊದಲೇ ತಂದಿಟ್ಟುಕೊಂಡರೆ ವಾಸಿ. ಅರ್ಧ ಬಿಚ್ಚಿದ ಕಾರಿನಲ್ಲಿ ಅಂಗಡಿಗೆ ಹೋಗೋಕಾಗಲ್ಲವಲ್ಲ. ಸಬ್‌ಫ್ರೇಮನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಪದರ ಪದರವಾಗಿ ಉದುರಿ ಸ್ಕ್ರೂಡ್ರೈವರ್ ಒಳಗೇ ಹೋದರೆ ರ‍್ಯಾಕಿಗೆ ಖರ್ಚು ಮಾಡಬೇಡಿ. ಮಾರೋ ಯೋಚನೆ ಮಾಡಬೇಕಾದ್ದು ಆಗ.

ಕೆಲಸದ ವಿಷಯಕ್ಕೆ ಬರೋಣ. ಚಕ್ರ ನೇರ ಇಟ್ಟು, ಕೀ ತೆಗೆದು, ಸ್ಟೇರಿಂಗ್ ಲಾಕ್ ಮಾಡಿ. ಮೇಲಿಂದ ಸೀಟ್ ಬೆಲ್ಟನ್ನು ಸ್ಟೇರಿಂಗ್ ಒಳಗೆ ತೂರಿಸಿ ಬಿಗಿದುಬಿಡಿ. ಕೆಳಗೆ ಶಾಫ್ಟ್ ಕಳಚಿದ ಮೇಲೆ ಸ್ಟೇರಿಂಗ್ ಸುಮ್ಮನೆ ಸುತ್ತಿಕೊಂಡರೆ ಒಳಗಿರೋ ಕ್ಲಾಕ್ ಸ್ಪ್ರಿಂಗ್ ಅನ್ನೋ ಸುರುಳಿ ತಂತಿ ಹರಿದುಹೋಗುತ್ತೆ. ಹಾರ್ನ್ ಇಲ್ಲ, ಏರ್‌ಬ್ಯಾಗ್ ದೀಪ ಉರಿಯುತ್ತೆ, ಅದಕ್ಕೆ ಬೇರೆ ಖರ್ಚು. ಬ್ಯಾಟರಿಯ ನೆಗೆಟಿವ್ ತೆಗೆದು, 21 ಎಂಎಂ ಸಾಕೆಟ್‌ನಿಂದ ಚಕ್ರದ ನಟ್ಟು ಸಡಿಲಿಸಿ, ಎತ್ತಿ, ಎರಡೂ ಕಡೆ ಜ್ಯಾಕ್ ಸ್ಟ್ಯಾಂಡ್ ಕೊಟ್ಟು ಚಕ್ರ ಕಳಚಿ. ಬರೀ ಜ್ಯಾಕ್ ನಂಬಿ ಕೆಳಗೆ ಮಲಗಬೇಡಿ.

ಟೈ ರಾಡ್ ತುದಿಯ ಪಿನ್ ಎಳೆದು, ನಟ್ಟು ತೆಗೆದು, ಪುಲ್ಲರ್‌ನಿಂದ ಬಿಡಿಸಿ. ಕವಲು ಬಾಯಿಯ ಫೋರ್ಕ್ ಹಾಕಿ ಹೊಡೆದರೆ ಅದರ ರಬ್ಬರ್ ಹರಿಯುತ್ತೆ. ಆ ತುದಿಯ ತುಂಡನ್ನು (ಟೈ ರಾಡ್ ಎಂಡ್) ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಬೇಕಾಯಿತು ಅಂತ ಎಣಿಸಿ ಬರೆದಿಡಿ, ಹೊಸದಕ್ಕೂ ಅಷ್ಟೇ ಸುತ್ತು. ಸ್ಟೇರಿಂಗ್‌ನಿಂದ ಇಳಿದು ಬರೋ ಶಾಫ್ಟ್ ಮತ್ತು ರ‍್ಯಾಕಿನ ಪಿನಿಯನ್ (ಹಲ್ಲುಗಾಲಿಯ ಮೊಳೆ) ಕೂಡೋ ಜಾಗಕ್ಕೆ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆಯಿರಿ. ಅಲ್ಲಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಬೇಕು, ಬರೀ ಸಡಿಲಿಸಿದರೆ ಶಾಫ್ಟ್ ಜಾರೋದಿಲ್ಲ. ಪೈಪುಗಳನ್ನು ಕಳಚಿ ರ‍್ಯಾಕನ್ನು ಚಕ್ರದ ಕಿಂಡಿಯಿಂದ ಪಕ್ಕಕ್ಕೆ ಎಳೆಯೋದು. ಜಾಗ ಸಾಲದೆ ಸಬ್‌ಫ್ರೇಮಿನ ಹಿಂಬದಿಯನ್ನು ಒಂದೆರಡು ಇಂಚು ಇಳಿಸಬೇಕಾಗಿ ಬರೋದುಂಟು. ಅಷ್ಟರಮಟ್ಟಿಗೆ ಅಭ್ಯಾಸ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಕೊಡೋದು ಮರ್ಯಾದೆ ಕಡಿಮೆಯ ಕೆಲಸವೇನಲ್ಲ.

ಹೊಸ ರ‍್ಯಾಕ್ ಬೇಗ ಸಾಯೋಕೆ ಮುಖ್ಯ ಕಾರಣ ಹಳೇ ಕೊಳೆ. ಸವೆದ ರಬ್ಬರಿನ ಚೂರು, ಲೋಹದ ಪುಡಿ ಎಲ್ಲ ಹೋಸ್‌ನಲ್ಲೂ ರಿಸರ್ವಾಯರ್ ತಳದಲ್ಲೂ ಕೂತಿರುತ್ತೆ. ಅದನ್ನು ತೊಳೆಯದೆ ಹೊಸದು ಹಾಕಿದರೆ ಮೊದಲ ತಿರುವಿನಿಂದಲೇ ಆ ಮರಳು ಹೊಸ ಸೀಲನ್ನು ಕೆರೆಯೋಕೆ ಶುರು. ರಿಸರ್ವಾಯರ್ ಬಿಚ್ಚಿ ಒಳಗಿನ ಜಾಲರಿ ತೊಳೆಯಿರಿ, ಹೋಸ್‌ಗಳಿಗೆ ಹೊಸ ಎಟಿಎಫ್ ಹಾಯಿಸಿ ಕೆಂಪಗೆ ಬರೋವರೆಗೆ ಹೊರಗೆ ಬಿಡಿ. ಎರಡು ಕ್ವಾರ್ಟ್ ತಂದಿಡಿ, ಅಂದರೆ ಎರಡು ಲೀಟರ್‌ಗೆ ಸ್ವಲ್ಪ ಕಮ್ಮಿ.

ಕೂರಿಸುವ ಮುಂಚೆ ಹೊಸ ರ‍್ಯಾಕನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸುತ್ತು ಎಣಿಸಿ, ಅದರರ್ಧ ವಾಪಸ್ ಬನ್ನಿ. ಅದೇ ನಡು. ಪ್ಲಾಸ್ಟಿಕ್ ಬಿರಡೆಗಳನ್ನು ಪೈಪ್ ಜೋಡಿಸೋ ಕ್ಷಣದವರೆಗೆ ತೆಗೆಯಬೇಡಿ. ಪೈಪಿನ ನಟ್ಟನ್ನು ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ಹಾಕಿ. ಓರೆಯಾಗಿ ಕಚ್ಚಿದರೆ ಅಲ್ಯೂಮಿನಿಯಂ ಮರೆ (ಥ್ರೆಡ್) ಹಾಳು, ರ‍್ಯಾಕೂ ಹಾಳು. ಟೈ ರಾಡ್ ನಟ್ಟು 36 ಫುಟ್-ಪೌಂಡ್ (49 ನ್ಯೂಟನ್ ಮೀಟರ್), ಟೈ ರಾಡ್ ಎಂಡನ್ನು ಅಲುಗದಂತೆ ಹಿಡಿಯೋ ಲಾಕ್ ನಟ್ 55 (74), ಚಕ್ರದ ನಟ್ಟು 76 (103). ಇಲ್ಲಿನ ರೆಂಚ್ ಮೇಲೆ ದೊಡ್ಡದಾಗಿ ಕಾಣೋದು ಫುಟ್-ಪೌಂಡ್, ನಮ್ಮ ರೂಢಿಯ ನ್ಯೂಟನ್ ಮೀಟರ್ ಅಂದುಕೊಂಡು ತಿರುಗಿಸಬೇಡಿ. ಪಿನ್ನಿನ ತೂತು ಸರಿಯಾಗಿ ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು.

ಗಾಳಿ ತೆಗೆಯುವಾಗ ಅವಸರ ಬೇಡ. ಚಕ್ರ ಮೇಲೇ ಇರಲಿ, ಎಂಜಿನ್ ಆಫ್. ಸ್ಟೇರಿಂಗನ್ನು ನಿಧಾನ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ, ನಡುನಡುವೆ ರಿಸರ್ವಾಯರ್ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಮತ್ತೆ ಅದೇ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪ್ ಬಿಸಿಯಾಗುತ್ತೆ. ಎಣ್ಣೆ ಗುಲಾಬಿ ನೊರೆಯಾಗಿ ಕಂಡರೆ ಗಾಳಿ ಇನ್ನೂ ಇದೆ ಅಂತ. ಆಫ್ ಮಾಡಿ, ನೊರೆ ಇಳಿಯೋವರೆಗೆ ಕಾಫಿ ಕುಡಿದು ಬನ್ನಿ.

ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ. ಸುತ್ತು ಎಷ್ಟೇ ಎಣಿಸಿದ್ದರೂ ಟೋ (ಎರಡು ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಓರೆ) ಸರಿ ಇರಲ್ಲ, ಟೈರ್ ಒಂದೇ ಬದಿ ಸವೆಯುತ್ತೆ. ಸ್ಟೇರಿಂಗ್ ಸೊಟ್ಟಗಿದ್ದರೆ ಟೈ ರಾಡ್‌ನಲ್ಲೇ ಸರಿಮಾಡಿಸಿ, ಸ್ಟೇರಿಂಗ್ ಕಿತ್ತು ನೇರ ಹಾಕೋಕೆ ಬಿಡಬೇಡಿ. ಅದಾದ ಮೇಲೆ ಇನ್‌ಸ್ಪೆಕ್ಷನ್‌ನವರಿಗೆ ಮತ್ತೆ ತೋರಿಸಿ ಸ್ಟಿಕ್ಕರ್ ಹಾಕಿಸಿಕೊಳ್ಳಿ. ಹಳೇ ರ‍್ಯಾಕಿನ ಎಣ್ಣೆ ಬಸಿದು, ಹೊಸದರಿಂದ ತೆಗೆದ ಬಿರಡೆಗಳನ್ನೇ ಅದಕ್ಕೆ ಹಾಕಿ, ಅದೇ ಪೆಟ್ಟಿಗೆಯಲ್ಲಿಟ್ಟು ರಸೀದಿ ಸಮೇತ ಅಂಗಡಿಗೆ ಕೊಡಿ. ಕೋರ್ ಠೇವಣಿ ಆಗಲೇ ಕೈಗೆ ಬರೋದು.