ಎರಡು ತಿಂಗಳ ರಜೆ ಆಳದ ಮೀನಿಗೆ ಯಾಕೆ ಸಾಲದು?

ಪ್ರಶ್ನೆ: ಮಳೆಗಾಲದಲ್ಲಿ ಎರಡು ತಿಂಗಳು ಬೋಟು ನಿಲ್ಲಿಸಿದರೆ ನಮ್ಮಲ್ಲಿ ಬಂಗುಡೆ, ಬೂತಾಯಿ ಮತ್ತೆ ಸಿಗುತ್ತವೆ. ಆಳ ಸಮುದ್ರದ ಮೀನು ಮಾತ್ರ ಒಮ್ಮೆ ಖಾಲಿಯಾದರೆ ಎಷ್ಟೋ ವರ್ಷ ಬರುವುದಿಲ್ಲ ಅಂತಾರೆ. ಯಾಕೆ ಹಾಗೆ? ನಮ್ಮವರೂ ಇನ್ನಷ್ಟು ಆಳಕ್ಕೆ ಹೋಗಿ ಹಿಡಿಯಬಹುದಲ್ವಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೂತಾಯಿ ಹುಟ್ಟಿ ಒಂದು ವರ್ಷವಾಗುವಷ್ಟರಲ್ಲಿ ಮೊಟ್ಟೆ ಇಡಲು ಶುರುಮಾಡುತ್ತದೆ. ಬಂಗುಡೆಯೂ ಹೆಚ್ಚುಕಡಿಮೆ ಹಾಗೇ. ಎರಡೂ ಬದುಕುವುದು ಕೆಲವೇ ವರ್ಷ. ಬಲೆಗೆ ಬೀಳುವ ಹಿಂಡಿನಲ್ಲಿ ಜಾಸ್ತಿ ಇರುವುದು ಈ ವರ್ಷದ ಅಥವಾ ಹೋದ ವರ್ಷದ ಮೀನು. ಕಡಲು ಒಂದೆರಡು ವರ್ಷ ಅನುಕೂಲವಾಗಿದ್ದರೆ ಹಿಂಡು ಮತ್ತೆ ತುಂಬಿಕೊಳ್ಳುತ್ತದೆ.

ಆಳದ ಮೀನಿನ ಲೆಕ್ಕವೇ ಬೇರೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಸುತ್ತ ಸಿಗುವ ಆರೆಂಜ್ ರಫಿಯನ್ನೇ ನೋಡಿ. ಜೀವಂತ ಇದ್ದಾಗ ಇಟ್ಟಿಗೆ ಕೆಂಪು, ಸತ್ತ ಮೇಲೆ ಕಿತ್ತಳೆ ಬಣ್ಣ. ಸಾಮಾನ್ಯವಾಗಿ 30ರಿಂದ 40 ಸೆಂ.ಮೀ. ಉದ್ದ. ನೀರಿನಡಿಯ ಬೆಟ್ಟಗಳ ಸುತ್ತ, 700 ಮೀಟರಿಗೂ ಕೆಳಗೆ ಇದರ ವಾಸ. ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಇದರ ವಯಸ್ಸು ಸುಮಾರು 30 ವರ್ಷ! ಕೆಲವು ಮೀನುಗಳು ನೂರು ವರ್ಷ ದಾಟಿ ಬದುಕುತ್ತವೆ.

ಇಷ್ಟು ವಯಸ್ಸು ಅಂತ ಗೊತ್ತಾಗುವುದು ಹೇಗೆ? ಕಲ್ಲೂರು ಮೀನು ತಿಂದವರಿಗೆ ಅದರ ತಲೆಯೊಳಗಿನ ಬಿಳಿ ಕಲ್ಲು ಪರಿಚಯ ಇರುತ್ತದೆ. ಅದು ಕಿವಿಕಲ್ಲು. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಉಂಗುರಗಳಂಥ ಗೆರೆಗಳು ಕಾಣುತ್ತವೆ. ರಫಿಯ ಕಲ್ಲಿನಲ್ಲಿ ನಡುವಿನ ಗೆರೆಗಳು ಅಗಲ. ಮೀನು ಪ್ರಾಯಕ್ಕೆ ಬಂದ ಮೇಲಿನವು ಒಂದಕ್ಕೊಂದು ಅಂಟಿಕೊಂಡಂತೆ ಕಿರಿದು. ಅಷ್ಟು ಒತ್ತಾದ ಗೆರೆ ಎಣಿಸಿದ್ದನ್ನು ಸುಮ್ನೆ ನಂಬಲಾಗುತ್ತದೆಯೇ? ಅದಕ್ಕೆ ಇನ್ನೊಂದು ದಾರಿಯಲ್ಲೂ ಪರೀಕ್ಷೆ ಮಾಡಿದರು. ಕಲ್ಲಿನೊಳಗೆ ಸೇರಿದ ರೇಡಿಯಂ ನಿಧಾನವಾಗಿ ಸೀಸವಾಗುತ್ತದೆ. ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ವಯಸ್ಸಿನ ಅಂದಾಜು ಸಿಗುತ್ತದೆ. ಅದೂ ನೂರರ ಆಚೆಯ ವಯಸ್ಸನ್ನೇ ತೋರಿಸಿತು.

ಆ ಗೆರೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಪ್ರಾಯಕ್ಕೆ ಬಂದ ಮೇಲೆ ಈ ಮೀನು ಉದ್ದದಲ್ಲಿ ಬೆಳೆಯುವುದು ತೀರಾ ಕಡಿಮೆ. ಒಂದೇ ಅಳತೆಯ ಎರಡು ಮೀನುಗಳಲ್ಲಿ ಒಂದಕ್ಕೆ 40, ಇನ್ನೊಂದಕ್ಕೆ 100 ವರ್ಷ ಇರಬಹುದು. ಬಂದರಿನಲ್ಲಿ ಬುಟ್ಟಿ ನೋಡಿ ಹಿಂಡಿನ ವಯಸ್ಸು ಹೇಳಲು ಸಾಧ್ಯವೇ ಇಲ್ಲ. ಈ ಮೀನುಗಾರಿಕೆ ಮೋಸ ಹೋಗಿದ್ದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಮೊದಮೊದಲು ಇದು ಬೇಗ ಬೆಳೆಯುವ ಮೀನು ಎಂದುಕೊಂಡೇ ಹಿಡಿಯುವ ಮಿತಿ ಹಾಕಿದರು. ಮೊಟ್ಟೆ ಇಡಲು ಬೆಟ್ಟದ ಸುತ್ತ ಒಟ್ಟಾಗಿ ಸೇರುತ್ತವೆ, ಒಂದೇ ಎಳೆತಕ್ಕೆ ಬಲೆ ಭರ್ತಿ. ಕಡಲು ತುಂಬಿದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅಲ್ಲಿದ್ದದ್ದು ನೂರು ವರ್ಷದಲ್ಲಿ ಕೂಡಿದ ಮೀನು.

ಮೊಟ್ಟೆಯೂ ಕಡಿಮೆ. ಕಿಲೋ ತೂಕಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಅಟ್ಲಾಂಟಿಕ್‌ನ ದೊಡ್ಡ ಕಾಡ್ ಮೀನು ಹತ್ತಾರು ಲಕ್ಷ ಇಡುತ್ತದೆ. ಪ್ರಾಯಕ್ಕೆ ಬಂದ ರಫಿಗಳೆಲ್ಲ ಪ್ರತಿವರ್ಷ ಮೊಟ್ಟೆ ಇಡುವುದೂ ಇಲ್ಲ.

ಟ್ಯಾಸ್ಮೇನಿಯಾದ ಪೂರ್ವಕ್ಕೆ ಸೇಂಟ್ ಹೆಲೆನ್ಸ್ ಎಂಬ ನೀರಿನಡಿಯ ಬೆಟ್ಟದ ಬಳಿ 1989ರಲ್ಲಿ ದೊಡ್ಡ ಹಿಂಡು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಮೀನಿನ ಸಂಖ್ಯೆ ಇಳಿದುಹೋಯಿತು. 2006ರಲ್ಲಿ ಆಸ್ಟ್ರೇಲಿಯಾ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ಪೂರ್ವ ಭಾಗದಲ್ಲಿ ಸಣ್ಣ ಮಿತಿ ಹಾಕಿ ಮತ್ತೆ ಹಿಡಿಯಲು ಬಿಟ್ಟರು. ಲೆಕ್ಕ ಹಾಕಿ ನೋಡಿ: ಆ ವರ್ಷ ಮೊಟ್ಟೆ ಇಟ್ಟ ಮೀನುಗಳಲ್ಲಿ ಹೆಚ್ಚಿನವು 1989ಕ್ಕೂ ಮುಂಚೆ ಹುಟ್ಟಿದವು. ಹಿಂಡು ಕರಗಿದ ಮೇಲೆ ಹುಟ್ಟಿದ ಮರಿಗಳು ಪ್ರಾಯಕ್ಕೆ ಬರುತ್ತಿರುವುದು ಈಗೀಗ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಆಳದಲ್ಲಿರುವ ಮೀನೆಲ್ಲ ಹೀಗೆ ಅಲ್ಲ. ಅರಬ್ಬಿ ಸಮುದ್ರದಲ್ಲಿ ಹೇರಳವಾಗಿರುವ ಬೆರಳುದ್ದದ ಲ್ಯಾಂಟರ್ನ್ ಮೀನುಗಳಲ್ಲಿ ಒಂದು ವರ್ಷದೊಳಗೇ ಬದುಕು ಮುಗಿಸುವ ಜಾತಿಯೂ ಇದೆ. ಹಾಗಾಗಿ ಬರೀ ಆಳ ನೋಡಿ ಹೌದು, ಇಲ್ಲ ಅನ್ನಲಾರೆ. ಯಾವ ಜಾತಿ, ಅದು ಎಷ್ಟನೇ ವರ್ಷಕ್ಕೆ ಮೊಟ್ಟೆ ಇಡುತ್ತದೆ ಅನ್ನುವುದು ಕಿವಿಕಲ್ಲಿನಿಂದ ಖಚಿತವಾಗಲಿ. ಬಲೆ ಇಳಿಸುವುದು ಆಮೇಲೆ.