ಕರೆಂಟ್ ಹಚ್ಚೂದೋ, ವ್ಯಾಯಾಮ ಮಾಡಸೂದೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದೊಳಗ ಫಿಸಿಯೋಥೆರಪಿದ್ದ ಹೆಚ್ಚು ಅದಾವ, ಅದ್ರಾಗೂ ಒಬ್ರು ಹೇಳಿದ್ದು ಇನ್ನೊಬ್ರಿಗೆ ಸೇರೂದಿಲ್ಲ ಅನ್ನೂ ತಕರಾರೇ ಜಾಸ್ತಿ. ಹಿಂಗಾಗಿ ನಿದ್ದಿ ಬರೂದಿಲ್ಲ, ಹೊಟ್ಟಿ ಉಬ್ಬತದ ಅನ್ನೂ ಪ್ರಶ್ನೆ ಎಲ್ಲಾ ಮುಂದಿನ ಸಲಕ್ಕ ಇಟ್ಟೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ನಾ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಇಲ್ಲೇ ಒಂದು ಕ್ಲಿನಿಕ್‌ನ್ಯಾಗ ಕೆಲ್ಸಕ್ಕ ಸೇರೀನಿ. ನಮ್ಮ ಸೀನಿಯರ್ ಸರ್ ಟೊಂಕ ನೋವು ಅಂತ ಯಾರ ಬಂದ್ರೂ ಐಎಫ್‌ಟಿ (ಕರೆಂಟ್ ಹಚ್ಚೂ ಮಷಿನ್), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ನೋವಿನ ಜಾಗಕ್ಕ ಶಬ್ದದ ಅಲಿ ಹಾಯಸೂದು), ಟ್ರ್ಯಾಕ್ಷನ್ (ಟೊಂಕ ಜಗ್ಗೂದು) ಮೂರೂ ಹಚ್ಚಿ ಕಳಸ್ತಾರ. ಮೊನ್ನೆ ಪೇಷಂಟ್ ಮುಂದನ ನಾ "ಸರ್, ಇದಕ್ಕ ಎವಿಡೆನ್ಸ್ ಇಲ್ಲಲ್ರಿ" ಅಂದೆ. ಅವ್ರು ಕೆಂಪಗಾಗಿ "ನೀ ಹುಟ್ಟೂಕಿಂತ ಮುಂಚಿಂದ ನಾ ಮಂದಿ ಟೊಂಕ ನೆಟ್ಟಗ ಮಾಡಾಕತ್ತೀನಿ" ಅಂದ್ರು. ಅವತ್ತಿಂದ ಮಾತಾಡ್ಸೂದ ಬಿಟ್ಟಾರ. ಖರೇ ಹೇಳಿದ್ದು ತಪ್ಪೇನ್ರಿ?
– ಹೆಸರು ಬ್ಯಾಡ್ರಿ, ಬಾಗಲಕೋಟೆ

ಉತ್ತರ: ತಮ್ಮಾ, ಹೇಳಿದ್ದು ಬಹುತೇಕ ಖರೇ ಐತಿ, ಹೇಳಿದ ಜಾಗ ಮಾತ್ರ ಸರಿ ಇಲ್ಲ.

ಮೊದ್ಲ ಖರೇದ್ದು ನೋಡೂಣು. ಇಂಗ್ಲೆಂಡಿನ ನೈಸ್ ಅನ್ನೂ ಸರ್ಕಾರಿ ಸಂಸ್ಥೆ 2016ರಾಗ ಟೊಂಕ ನೋವಿಗೆ, ಸಯಾಟಿಕಾಕ್ಕ (ಟೊಂಕದಿಂದ ಕಾಲಿಗೆ ಇಳಿಯೂ ಸೆಳತ) ಮಾರ್ಗಸೂಚಿ ತಂತು. ಅದ್ರಾಗ ಅಲ್ಟ್ರಾಸೌಂಡ್ ಬ್ಯಾಡ, ಟೆನ್ಸ್ ಅನ್ನೂ ಇನ್ನೊಂದು ನಮೂನಿ ಕರೆಂಟ್ ಬ್ಯಾಡ, ಇಂಟರ್‌ಫೆರೆನ್ಶಿಯಲ್ ಅಂದ್ರ ನಿಮ್ಮ ಐಎಫ್‌ಟಿ ಬ್ಯಾಡ, ಟ್ರ್ಯಾಕ್ಷನ್ ಬ್ಯಾಡ ಅಂತ ಸಾಫ್ ಬರದಾರ, ಕೈಲೆ ಮಾಡೂ ಮ್ಯಾನುವಲ್ ಥೆರಪಿ ಸಹಿತ ವ್ಯಾಯಾಮದ ಜೋಡಿ ಇದ್ರ ಮಾತ್ರ ಅಂತ. ಅಲ್ಟ್ರಾಸೌಂಡ್ ಕಥಿ ಅಂತೂ ಇನ್ನೂ ಹಳೇದು. 2001ರಾಗ ರಾಬರ್ಟ್‌ಸನ್ ಮತ್ತ ಬೇಕರ್ ಅನ್ನೂವ್ರು ಅಲ್ಲಿತನಕ ಆದ ಟ್ರಯಲ್ ಜೋಡಿಸಿ ನೋಡಿದ್ರು, ಮಷಿನ್ ಚಾಲೂ ಇಟ್ಟು ತಿಕ್ಕಿದ್ದು, ಬಂದ್ ಇಟ್ಟು ಬರೇ ಜೆಲ್ ಹಚ್ಚಿ ತಿಕ್ಕಿದ್ದಕ್ಕಿಂತ ಹೆಚ್ಚು ಕೆಲ್ಸ ಮಾಡತದ ಅನ್ನಾಕ ಪುರಾವೆ ಭಾಳ ಕಮ್ಮಿ ಅಂತ ಬರದ್ರು.

ಹಂಗಂತ ನಿಮ್ಮ ಸರ್ ಕಣ್ಣಾರೆ ಕಂಡದ್ದೂ ಸುಳ್ಳಲ್ಲ ನೋಡು. ಪೇಷಂಟ್ ಕರೆಂಟ್ ಹಚ್ಚಿಸ್ಕೊಂಡು ಏಳೂ ಹೊತ್ತಿಗೆ ಹಗುರ ಅನಸ್ತದ, ಯಾಕಂದ್ರ ಚರ್ಮದ ಮ್ಯಾಲಿನ ಜುಮು ಜುಮು ನೋವಿನ ಸುದ್ದಿನ ಬೆನ್ನುಹುರಿಯೊಳಗ ಸ್ವಲ್ಪ ತಡೀತದ, ಮೆಲ್ಜಾಕ್ ಮತ್ತ ವಾಲ್ 1965ರಾಗ ಹೇಳಿದ ಗೇಟ್ ಕಂಟ್ರೋಲ್ ಥಿಯರಿ ಇದ, ನೀನೂ ಪರೀಕ್ಷೆದಾಗ ಬರದಿರ್ತಿ. ಮ್ಯಾಲ ಇನ್ನೊಂದು, ಮಂದಿ ಕ್ಲಿನಿಕ್ಕಿಗೆ ಬರೂದು ನೋವು ತುದಿಗೆ ಮುಟ್ಟಿದಾಗ, ಹೊಸಾ ಟೊಂಕ ನೋವು ಹೆಚ್ಚಿನವ್ರಿಗೆ ಕೆಲವು ವಾರದಾಗ ತಾನಾಗೇ ಇಳೀತದ, ಆ ವಾರದಾಗ ಏನ ಮಾಡಿದ್ರೂ ಅದಕ್ಕ ಹೆಸರು ಬರ್ತದ. ಮೂವತ್ತು ವರ್ಷ ಇದನ್ನ ನೋಡಿದ ಮನಶ್ಯಾಗ ನೀ ಎರಡು ಮಿನಿಟಿನ್ಯಾಗ ಪೇಷಂಟ್ ಮುಂದ ಇಲ್ಲ ಅಂದ್ರ ಒಪ್ಪತಾನೇನು? ನಾನಾಗಿದ್ರೂ ಒಪ್ತಿದ್ದಿಲ್ಲ.

ರೊಕ್ಕದ ವಿಷಯ ಯಾರೂ ಬಾಯಿಬಿಟ್ಟು ಹೇಳೂದಿಲ್ಲ, ನಾ ಹೇಳ್ತೀನಿ. ಮಷಿನ್ ಸಾಲದ ಮ್ಯಾಲ ತಂದಿರ್ತಾರ, ಕಂತು ಕಟ್ಟಬೇಕು. ಒಬ್ಬರಿಗೆ ಐಎಫ್‌ಟಿ ಹಚ್ಚಿ ಬಿಟ್ರ ಅಷ್ಟೊತ್ತಿನ್ಯಾಗ ಇನ್ನೊಬ್ರನ್ನ ನೋಡಬಹುದು, ವ್ಯಾಯಾಮ ಮಾಡಸಾಕ ನಿಂತ್ರ ಹಂಗ ಆಗೂದಿಲ್ಲ. ಪೇಷಂಟೂ ಅದನ್ನ ಕೇಳ್ತಾನ. ಇಳಕಲ್‌ನಿಂದ ಒಬ್ಬ ನೇಕಾರ ಬರ್ತಾನ ಅಂತ ತಿಳಕೋ, ತೆಗ್ಗಿನ್ಯಾಗ ಕಾಲು ಇಳಿಬಿಟ್ಟು ಕುಂತು, ಕಾಲಾಗ ತುಳಕೋತ, ಕೈಲೆ ಲಾಳಿ ಓಡಸ್ಕೋತ, ಮುಂಜಾನಿಂದ ಸಂಜಿತನಕ ಮಗ್ಗದ ಮುಂದ ಬಗ್ಗಿರ್ತಾನ. ಒಂದು ದಿನದ ದುಡಿಮಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದಾಂವಗ "ಮನ್ಯಾಗ ಇದನ್ನ ಮಾಡ್ರಿ" ಅಂತ ಹಾಳಿ ಕೊಟ್ಟು ಕಳಸಿದ್ರ "ಕೈಕಾಲು ಆಡಸಾಕ ಇವ್ರಿಗೆ ರೊಕ್ಕ ಯಾಕ ಕೊಡ್ಲಿ" ಅಂತಾನ, ಅವನ ಮಾತಿನ್ಯಾಗ ತಪ್ಪೇನೈತಿ.

ಅದಕ್ಕ ಸರ್ ಕಡೆ ಬೆರಳು ಮಾಡೂಕಿಂತ ಮೊದ್ಲ ನೀ ಮಾಡಸೂ ವ್ಯಾಯಾಮ ನೋಡ್ಕೋ. ಜೆರಾಕ್ಸ್ ಹಾಳಿಯಾಗಿನ ಹತ್ತು ಚಿತ್ರ ಎಲ್ಲಾರಿಗೂ ಕೊಟ್ರ ಅದೂ ಒಂದು ಮಷಿನ್ನ, ಕರೆಂಟ್ ಇಲ್ಲಷ್ಟ. ಹಳೇ ಟೊಂಕ ನೋವಿಗೆ ವ್ಯಾಯಾಮದ ಲಾಭ ಐತಿ ಆದ್ರ ಪವಾಡ ಏನಲ್ಲ, ಸಾಧಾರಣ ಲಾಭ, ಅದೂ ಬಿಡದ ಮಾಡಿದ್ರ. ಆ ನೇಕಾರನ ಕುಂಡ್ರೂ ಹಲಗಿ ಎಷ್ಟ ಎತ್ತರ ಐತಿ, ನಡುವ ಎದ್ದು ಅಡ್ಡಾಡಾಕ ಎಲ್ಲಿ ಬಿಡುವು ಸಿಗತದ ಅಂತ ನೀ ಕೇಳಿದ್ರ ಅಂವಗ ಅದು ಟ್ರೀಟ್‌ಮೆಂಟ್ ಅನಸ್ತದ.

ಈಗ ಸರ್ ಜೋಡಿ ಹೆಂಗ ಮಾತಾಡೂದು. ಸಂಜಿಕ ಕ್ಲಿನಿಕ್ ಬಾಗಲಾ ಹಾಕೂ ಮುಂದ, ಪೇಷಂಟ್ ಯಾರೂ ಇಲ್ಲದಾಗ, ಚಾ ತರಿಸಿ ಮೊದ್ಲ "ಅವತ್ತು ಪೇಷಂಟ್ ಮುಂದ ಅನ್ನಬಾರದಿತ್ರಿ ಸರ್" ಅನ್ನು. ಎವಿಡೆನ್ಸ್ ಅನ್ನೂ ಶಬ್ದ ಅವತ್ತ ಬಾಯಾಗ ತರಬ್ಯಾಡ. ಎರಡು ಮೂರು ತಿಂಗಳಿಂದ ಬಂದು ಹೋಗಿ ಮಾಡೂ ಒಬ್ಬ ಪೇಷಂಟ್ ಇದ್ದ ಇರ್ತಾನ, ಅವನ ಹೆಸರು ತಗದು "ಇವ್ರಿಗೆ ಒಂದು ತಿಂಗಳು ನಾ ವ್ಯಾಯಾಮ ಮಾಡಸಲೇನ್ರಿ, ನೀವ ಅಳತಿ ತಗೀರಿ" ಅಂತ ಕೇಳು. ಮೂವತ್ತು ಸೆಕೆಂಡಿನ್ಯಾಗ ಕುರ್ಚಿಯಿಂದ ಎಷ್ಟು ಸಲ ಏಳ್ತಾರ, ಬಗ್ಗಿದಾಗ ಬೆರಳಿಗೂ ನೆಲಕ್ಕೂ ಎಷ್ಟು ಸೆಂಟಿಮೀಟರ್ ಉಳೀತದ, ಮಗ್ಗದ ಮುಂದ ಎಷ್ಟೊತ್ತು ಕುಂಡ್ರಾಕ ಆಗತದ, ಮೊದಲಿಂದೂ ಕಡೀದೂ ಬರದಿಡ್ರಿ. ಅಳಿಯೂ ಟೇಪ್ ಅವ್ರ ಕೈಯಾಗ ಇರ್ಲಿ, ಇದು ಮುಖ್ಯ, ಯಾಕಂದ್ರ ನೀ ಅಳದ್ರ ಅವ್ರು ನಂಬೂದಿಲ್ಲ. ಫರಕ ಬೀಳದಿದ್ರ ನೀನೂ ಒಪ್ಕೋಬೇಕಾಗತದ, ಅದಕ್ಕ ತಯಾರಿದ್ರ ಮಾತ್ರ ಕೇಳು.

ಒಂದ ಒಂದು ವಿಷಯಕ್ಕ ಸಂಜಿತನಕ ಕಾಯಬ್ಯಾಡ. ಪೇಸ್‌ಮೇಕರ್ ಇದ್ದಾವ್ರಿಗೆ ಡಯಾಥರ್ಮಿ (ವಿದ್ಯುತ್ ಅಲಿಯಿಂದ ಮೈಯೊಳಗ ಕಾವು ಕೊಡೂದು), ಎಲುಬು ಸವದ ಮುದುಕಿಗೆ ಟ್ರ್ಯಾಕ್ಷನ್, ಸಕ್ಕರಿ ಕಾಯಿಲೆಯಿಂದ ಕಾಲು ಜೋಮು ಹಿಡದಾವ್ರಿಗೆ ಹಾಟ್ ಪ್ಯಾಕ್, ಇಂಥಾದ್ದು ಕಂಡ್ರ ಅಲ್ಲೇ "ಸರ್, ಒಂದ್ ಮಿನಿಟ್ ಹೊರಗ ಬರ್ರಿ" ಅನ್ನು. ಸಿಟ್ಟಾದ್ರ ಆಗ್ಲಿ.

ಪ್ರಶ್ನೆ: ಮೇಡಂರ, ನಂಗ ಈಗ ಐವತ್ತು. ರೊಟ್ಟಿ ಬಡದು ಖಾನಾವಳಿಗೆ ಕೊಡೂ ಕೆಲ್ಸ ನಂದು. ಟೊಂಕ ಹಿಡದು ಎಡಗಾಲಿನ ತನಕ ಸೆಳತ ಬರ್ತದ. ಎಂಆರ್‌ಐದಾಗ ಡಿಸ್ಕ್ ಬಲ್ಜ್ (ಬೆನ್ನೆಲುಬಿನ ನಡುವಿನ ಗಾದಿ ಉಬ್ಬಿದ್ದು) ಐತಿ ಅಂದ್ರು. ಒಬ್ಬ ಫಿಸಿಯೋ "ಇನ್ನ ಮುಂದ ಬಗ್ಗೂ ಹಂಗ ಇಲ್ಲ, ನೆಲಕ್ಕ ಕುಂಡ್ರೂ ಹಂಗಿಲ್ಲ" ಅಂದ್ರು, ಇನ್ನೊಬ್ರ ಕಡೆ ಹೋದ್ರ "ಬಗ್ಗರಿ, ಅಡ್ಡಾಡ್ರಿ, ಏನೂ ಆಗೂದಿಲ್ಲ" ಅಂತ ನಗತಾರ. ಯಾರದ ಕೇಳಲಿ?
– ಓದುಗ ತಾಯಿ, ವಿಜಯಪುರ

ಉತ್ತರ: ಅಕ್ಕಾರ, ನಿಮ್ಮನ್ನ ನಾ ಕಣ್ಣಾರೆ ನೋಡದ, ಆ ಇಬ್ಬರೊಳಗ ಇವ್ರ ಶಾಣ್ಯಾ ಅಂತ ನಾ ಹೇಳಾಕ ಆಗೂದಿಲ್ಲ. ಆದ್ರ ಇಬ್ರೂ ಅರ್ಧರ್ಧ ಸರಿ ಇರಬಹುದು. ಕಾಲಿಗೆ ಸೆಳತ ಇದ್ದು ಬಗ್ಗಿದಾಗ ಅದು ಜಾಸ್ತಿ ಆಗತಿದ್ರ ಒಂದಷ್ಟು ದಿನ ಬಗ್ಗೂದು ಕಮ್ಮಿ ಮಾಡೂದು ಶಾಣ್ಯಾತನ. ಜನ್ಮದಾಗ ಬಗ್ಗಬ್ಯಾಡ ಅನ್ನೂದು ಅತಿ ಆತು. ಹಾಸಗಿ ಹಿಡದು ಮಲಗೂದಂತೂ ಬ್ಯಾಡ, ಎಷ್ಟ ಆಗತದೋ ಅಷ್ಟ ಅಡ್ಡಾಡ್ರಿ ಅಂತನ ಈಗ ಎಲ್ಲಾ ಕಡೆ ಹೇಳೂದು.

ಎಂಆರ್‌ಐ ನೋಡಿ ಹೆದರಬ್ಯಾಡ್ರಿ. 2015ರಾಗ ಒಂದು ದೊಡ್ಡ ಅಧ್ಯಯನ ಬಂತು, ಬೆನ್ನು ನೋವು ಇಲ್ಲದ 3,110 ಮಂದಿ ಸ್ಕ್ಯಾನ್ ವರದಿ ಕೂಡಿಸಿ ನೋಡಿದ್ದು. ನಿಮ್ಮ ವಯಸ್ಸಿನವ್ರೊಳಗ, ಅಂದ್ರ ಐವತ್ತರ ಆಸುಪಾಸಿನವ್ರೊಳಗ, 100ಕ್ಕ 60 ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ಹುಡುಗರೊಳಗ ಸಹಿತ 30 ಮಂದಿಗೆ. ನೋವಿಲ್ಲ ನರಳಾಟಿಲ್ಲ, ಆರಾಮ ತಿರಗ್ಯಾಡೂ ಮಂದಿ ಇವ್ರು. ಅಂದ್ರ ಬಲ್ಜ್ ಅನ್ನೂದು ಎಷ್ಟೋ ಮಂದಿಗೆ ತಲಿ ಬೆಳ್ಳಗಾದಂಗ, ನಿಮ್ಮ ನೋವಿಗೆ ಅದ ಕಾರಣ ಅಂತ ಬರೇ ಫೋಟೋ ನೋಡಿ ಹೇಳಾಕ ಬರೂದಿಲ್ಲ.

ಬ್ಯಾಡ ಅಂದಾವ್ರಿಗೆ "ಎಷ್ಟು ದಿನ ಬ್ಯಾಡ್ರಿ?" ಅಂತ ಕೇಳ್ರಿ, ಬಗ್ಗರಿ ಅಂದಾವ್ರಿಗೆ "ಇವತ್ತ ಎಷ್ಟು, ಮುಂದಿನ ವಾರ ಎಷ್ಟು?" ಅಂತ ಕೇಳ್ರಿ. ಯಾರು ಲೆಕ್ಕ ಹಚ್ಚಿ ಹೇಳ್ತಾರ ಅವ್ರ ಕಡೆ ಹೋಗ್ರಿ, ಮತ್ತ ಒಬ್ರ ಕಡೆನ ಹೋಗ್ರಿ. ಅಲ್ಲಿತನಕ ಕೊಣಮಗಿ ಎತ್ತರದ ಕಟ್ಟಿ ಮ್ಯಾಲ ಇಟ್ಟು ನಿಂತ ಬಡೀರಿ, ಎಲ್ಲಾ ರೊಟ್ಟಿ ಒಮ್ಮೆಲೆ ಬಡಿಯೂ ಬದ್ಲಿ ನಡುವ ಎದ್ದು ನಾಲ್ಕು ಹೆಜ್ಜಿ ಹಾಕ್ರಿ. ಒಂದು ಎಚ್ಚರ: ಮೂತ್ರ ಕಟ್ಟಿದ್ರ ಅಥವಾ ಹೋದದ್ದ ಗೊತ್ತಾಗಲಿಲ್ಲ ಅಂದ್ರ, ತೊಡಿ ಸಂದಿನ್ಯಾಗ ಜೋಮು ಹಿಡದ್ರ, ಪಾದ ಎತ್ತಾಕ ಬರಲಿಲ್ಲ ಅಂದ್ರ ಯಾವ ಫಿಸಿಯೋನೂ ಬ್ಯಾಡ, ಅವತ್ತ ದೊಡ್ಡ ದವಾಖಾನಿಗೆ ಹೋಗ್ರಿ.

ಪ್ರಶ್ನೆ: ಮೇಡಂ, ನಾವು ಕೆಲವು ಫಿಸಿಯೋಗಳು ಕೂಡಿ ತಿಂಗಳಿಗೊಮ್ಮೆ ರವಿವಾರ ಕೇಸ್ ಚರ್ಚೆ ಮಾಡ್ತೀವಿ. ನಡಸೂ ಜವಾಬ್ದಾರಿ ನಂದು. ಚರ್ಚೆ ಅನ್ನೂದು ಜಗಳ ಆಗಾಕತ್ತೈತಿ. ಒಬ್ಬ ಹುಡುಗ ಅದಾನ, ಯಾರು ಏನ ಹೇಳಿದ್ರೂ "ಪುರಾವೆ ಎಲ್ಲೈತಿ" ಅಂತಾನ. ಹಿರೇರು "ಇಂವ ಬಂದ್ರ ನಾವು ಬರೂದಿಲ್ಲ" ಅಂತ ಕುಂತಾರ. ಅಂವಗ ಬರಬ್ಯಾಡ ಅನ್ನೂದೇನು?
– ಚರ್ಚೆ ನಡಸಾಂವ, ಬೆಳಗಾವಿ

ಉತ್ತರ: ಬರಬ್ಯಾಡ ಅನ್ನಬ್ಯಾಡ್ರಿ ಸರ್. ಅಂವ ಹೋದ ಮುಂದಿನ ತಿಂಗಳು ಎಲ್ಲಾರೂ "ಭಾಳ ಚಲೋ ಆತ್ರಿ ಸರ್" ಅಂದು, ಉಪ್ಪಿಟ್ಟು ತಿಂದು ಮನಿಗೆ ಹೋಗತೀರಿ.

ಚೂಪ ಮಾತು ಬ್ಯಾರೆ, ಹೊಲಸ ಮಾತು ಬ್ಯಾರೆ. "ಪಾರ್ಶ್ವವಾಯು ಪೇಷಂಟಿಗೆ ನೀವು ಮಾಡಸೂ ಬೊಬಾತ್ (ಕೈ ಹಿಡದು ಸರಿಯಾದ ಚಲನಿ ಕಲಸೂ) ಪದ್ಧತಿಯಿಂದ ಹೆಚ್ಚಿನ ಲಾಭ ಇಲ್ಲ" ಅಂದ್ರ ಅದು ಚೂಪ, ಇರ್ಲಿ ಬಿಡ್ರಿ, ಉತ್ತರ ಕೊಡಾಕ ಬರ್ತದ. ಟ್ರಯಲ್ ಎಲ್ಲಾ ಕೂಡಿಸಿ ತೂಗಿ ನೋಡೂ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯೊಳಗ ಪಾರ್ಶ್ವವಾಯುದಿಂದ ಏಳಸಾಕ ಫಿಸಿಯೋಥೆರಪಿ ಉಪಯೋಗ ಐತಿ, ಆದ್ರ ಇಂಥಾದ್ದ ಒಂದು ಪದ್ಧತಿ ಉಳದದ್ದಕ್ಕಿಂತ ಮೇಲು ಅನ್ನಾಕ ಬರೂದಿಲ್ಲ ಅಂತ ಐತಿ. ನೋಡ್ರಿ, ಇದು ಆ ಹುಡುಗಗೂ ಮುಟ್ಟತದ, ಹಿರೇರಿಗೂ ಮುಟ್ಟತದ. "ನೀನು ಯಾವ ಕಾಲೇಜಿನಾಂವ, ಸೀಟು ಹೆಂಗ ಸಿಕ್ಕಿತು ಗೊತ್ತೈತಿ" ಅಂದ್ರ ಅದು ಹೊಲಸ, ಯಾರ ಬಾಯಿಂದ ಬಂದ್ರೂ ಅಲ್ಲೇ ನಿಲ್ಲಸ್ರಿ. ಹಿರೇರ ಬಾಯಿಂದ ಬಂದ್ರ ಮೊದ್ಲ ನಿಲ್ಲಸ್ರಿ, ಯಾಕಂದ್ರ ನೀವು ಯಾರನ್ನ ಬಿಡ್ತೀರಿ ಯಾರನ್ನ ಹಿಡೀತೀರಿ ಅನ್ನೂದನ್ನ ಉಳದಾವ್ರು ಕುಂತು ನೋಡ್ತಿರ್ತಾರ.

ಮತ್ತ ಆ ಹುಡುಗಗ ಬ್ಯಾರೆ ಕರದು ಒಂದು ಕೆಲ್ಸ ಹಚ್ರಿ. ಪುರಾವೆ ಕೇಳಿದಾಂವನ ಪುರಾವೆ ತರಬೇಕು, ಮುಂದಿನ ರವಿವಾರ ತನ್ನ ಸ್ವಂತ ಪೇಷಂಟ್ ಒಬ್ರ ಕೇಸ್ ಇಡಬೇಕು, ಅದೂ ಗುಣ ಆಗದಿದ್ದ ಕೇಸು. ಅಂವ ಬರೇ ಬಾಯಿ ಮಾಡಾಂವೋ ಕೆಲ್ಸಾನೂ ಮಾಡಾಂವೋ ಅವತ್ತ ತಿಳೀತದ. ಹಿರೇರೂ ಒಂದು ಕೇಸ್ ಹಂಗ ಇಡಲಿ.

ನೀವು ನಡಸಾಂವ್ರು, ಆದ್ರ ನಿಮ್ಮದ ಕೇಸ್ ಚರ್ಚೆ ಇದ್ದಾಗ ಆ ಕುರ್ಚಿ ಇನ್ನೊಬ್ರಿಗೆ ಬಿಟ್ಟುಕೊಡ್ರಿ. ಡ್ರೈ ನೀಡ್ಲಿಂಗ್ (ಸ್ನಾಯುಕ್ಕ ಸೂಜಿ ಚುಚ್ಚೂದು), ಕಪ್ಪಿಂಗ್ (ಬಟ್ಟಲ ಹಚ್ಚಿ ಚರ್ಮ ಜಗ್ಗೂದು) ಕೋರ್ಸ್ ನಡಸಿ ಫೀ ತಗೊಳಾವ್ರು ಆ ವಿಷಯದ ಮ್ಯಾಲ ಮಾತಾಡೂ ಮೊದ್ಲ "ನನ್ನ ಕೋರ್ಸ್ ಐತಿ" ಅಂತ ಹೇಳಿ ಮಾತಾಡಲಿ. ಪೇಷಂಟ್ ಹೆಸರು, ಊರು, ಮುಖದ ಫೋಟೋ ಬಂದ್ರ ಅಲ್ಲೇ ತಗಸ್ರಿ, ಇದಕ್ಕ ಚರ್ಚೆ ಬ್ಯಾಡ. ಯಾರನ್ನಾರ ಕಡೀಗೆ ದೂರ ಇಡಲೇಬೇಕಾದ್ರ ಯಾವ ಮಾತಿಗೆ, ಎಷ್ಟು ತಿಂಗಳು ಅಂತ ಅವ್ರಿಗೆ ಬರದು ಕೊಡ್ರಿ.

ಹೆಸರಿನ ಮುಂದ "ಡಾ." ಹಚ್ಚೂದೋ ಬ್ಯಾಡೋ ಅನ್ನೂ ವಿಷಯ ಮಾತ್ರ ನಿಮ್ಮ ರವಿವಾರದಾಗ ತರಬ್ಯಾಡ್ರಿ. ದಿಲ್ಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್‌ನ್ಯಾಗ ಫಿಸಿಯೋಗಳು ಹಚ್ಚಬಾರದು ಅಂತ ಪತ್ರ ಹೊರಡಿಸಿ, ಮರುದಿನಾನ ವಾಪಸ್ ತಗೊಂತು. ಅವ್ರಿಗೇ ಬಗೀಹರಿಲಾರದ್ದು ನಿಮ್ಮ ಉಪ್ಪಿಟ್ಟಿನ ಹೊತ್ತಿನ್ಯಾಗ ಹೆಂಗ ಬಗೀಹರೀತದ.

ಪ್ರಶ್ನೆ: ಅಕ್ಕಾರ, ನಾ ಗರಡಿ ಹುಡುಗ. ಭುಜಕ್ಕ ಬಣ್ಣದ ಟೇಪ್ ಹಚ್ಚಿದ್ರ ಬಲ ಬರ್ತದ ಅಂತ ಒಬ್ಬ ಫಿಸಿಯೋ, ಬರೇ ಶೋಕಿ ಅಂತ ಇನ್ನೊಬ್ಬ. ನಮ್ಮ ಉಸ್ತಾದರು ಎರಡೂ ಬ್ಯಾಡ, ಎಣ್ಣಿ ತಿಕ್ಕು ಅಂತಾರ.
– ಜಮಖಂಡಿ

ಉತ್ತರ: ಜಪಾನಿನ ಕೆಂಜೊ ಕಾಸೆ ಅನ್ನಾಂವ 1970ರ ದಶಕದಾಗ ತಂದ ಟೇಪ್ ಅದು, 2008ರ ಬೀಜಿಂಗ್ ಒಲಿಂಪಿಕ್ಸಿನ್ಯಾಗ ಆಟಗಾರರ ಮೈಮ್ಯಾಲ ಕಂಡು ಊರೂರಿಗೆ ಹಬ್ಬಿತು. ಬಲ ಹೆಚ್ಚಾಗತದ ಅನ್ನಾಕ ಗಟ್ಟಿ ಪುರಾವೆ ಇಲ್ಲ, ಕೆಲವ್ರಿಗೆ ಸ್ವಲ್ಪ ಹೊತ್ತು ನೋವು ಹಗುರ ಅನಸ್ತದ ಅಷ್ಟ. ಹಚ್ಚೂದಿದ್ರ ಹಚ್ಕೋ, ಚರ್ಮ ಕೆಂಪಾಗಿ ತುರಸಿದ್ರ ತಗದ ಒಗಿ. ಎಣ್ಣಿ ತಿಕ್ಕಿದ ದಿನ ಟೇಪ್ ಹತ್ತೂದಿಲ್ಲ, ಹಿಂಗಾಗಿ ಒಂದು ದಿನ ಉಸ್ತಾದರ ಮಾತು, ಒಂದು ದಿನ ಫಿಸಿಯೋ ಮಾತು ಕೇಳು. ಕೈ ತಲಿ ಮ್ಯಾಲ ಎತ್ತಾಕ ಆಗವಲ್ದು ಅಂದ್ರ ಮಾತ್ರ ಅಖಾಡಾಕ್ಕ ಇಳೀಬ್ಯಾಡ, ಮೊದ್ಲ ಭುಜ ತೋರಸು.