ವಾಶ್ ತಾಗಿದರೆ ಗೆರೆ ಕದಡುವುದೇಕೆ?

ಚಿತ್ರಕಾರ ಹೆನ್ರಿ ಫ್ಯೂಸೆಲಿಯ (1741–1825) ಮಾಟಗಾತಿಯರ ಚಿತ್ರ ನಕಲು ಮಾಡುವಾಗ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಪದರ) ಹಾಕಿದ ಕೂಡಲೇ ಗೆರೆ ಕದಡುತ್ತದೆ, ಆ ಹಳೆಯ ಕಂದು ಬಣ್ಣವೂ ಬರುತ್ತಿಲ್ಲ ಅಂತ ಕೇಳಿದ್ದೀರಿ. ತಪ್ಪು ನಿಮ್ಮ ಕೈಯದ್ದಲ್ಲ, ಇಂಕಿನದು. ಫೌಂಟನ್ ಪೆನ್ನಿನ ಮಾಮೂಲಿ ಇಂಕು ಒಣಗಿದ ಮೇಲೂ ನೀರು ಸೋಕಿದರೆ ಎದ್ದು ಬರುತ್ತದೆ. ಅರಗು ಬೆರೆತ ವಾಟರ್‌ಪ್ರೂಫ್ ಇಂಡಿಯನ್ ಇಂಕನ್ನು ಅದ್ದಿ ಬರೆಯುವ ನಿಬ್ಬಿನಲ್ಲಿ ಬಳಸಿ, ಒಂದು ರಾತ್ರಿ ಒಣಗಲು ಬಿಡಿ. (ಅದನ್ನು ಫೌಂಟನ್ ಪೆನ್ನಿಗೆ ತುಂಬಿಸಿದರೆ ಪೆನ್ನಿನ ಕಥೆ ಮುಗಿದಂತೆ.) ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇರಲಿ, ತೆಳು ಹಾಳೆ ಉಬ್ಬಿ, ತಗ್ಗಿನಲ್ಲಿ ನೀರು ನಿಂತು ಕಲೆಗಟ್ಟುತ್ತದೆ.

ಕಂದು ಬಣ್ಣದ ಗುಟ್ಟು ಬೇರೆ. ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡುತ್ತಿದ್ದ ಆ ಕಾಲದ ಶಾಯಿ ಬರೆದು ಒಣಗಿದಾಗ ಕಪ್ಪೇ. ವರ್ಷಗಳು ಕಳೆದಂತೆ ಕಂದಾಗುತ್ತದೆ. ನೀವು ಸೆಪಿಯಾ ಜಲವರ್ಣದಿಂದಲೇ ವಾಶ್ ಮಾಡಿಕೊಳ್ಳಿ.

ಮೂರು ಬಟ್ಟಲು ಸಾಕು: ಒಂದು ಪಾಲು ಬಣ್ಣಕ್ಕೆ ಹತ್ತು, ನಾಲ್ಕು, ಒಂದು ಪಾಲು ನೀರು. ತೆಳುವಿನಿಂದ ಶುರುಮಾಡಿ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಮುಂದಿನದು. ಅರೆಹಸಿಯಲ್ಲಿ ಕುಂಚ ಉಜ್ಜಿದರೆ ನೆರಳೆಲ್ಲ ಕೆಸರು. ದೆವ್ವದ ಕಳೆ ಬರುವುದು ಕೆಳಗಿನಿಂದ ಬೀಳುವ ಬೆಳಕಿನಿಂದ: ಗದ್ದ, ಮೂಗಿನ ಅಡಿ, ಹುಬ್ಬಿನ ಅಡಿಗೆ ಖಾಲಿ ಕಾಗದವನ್ನೇ ಬಿಡಿ, ಹಣೆಯನ್ನು ಕತ್ತಲಾಗಿಸಿ. ಒಮ್ಮೆ ಬಣ್ಣ ಹೀರಿದ ಬಿಳಿ ಮತ್ತೆ ಸಿಗುವುದಿಲ್ಲ.

ಇನ್ನೊಂದು: ಫ್ಯೂಸೆಲಿ ಎಡಗೈಯಲ್ಲಿ ಬಿಡಿಸುತ್ತಿದ್ದವನು. ನೆರಳಿನ ಓರೆಗೆರೆಗಳು ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಇಳಿಯುತ್ತವೆ. ನೀವು ಬಲಗೈಯವರಾದರೆ ಹಾಳೆ ತಿರುಗಿಸಿಕೊಂಡು ಎಳೆಯಿರಿ.